ಮಗೂಗೆ ಇಂಗ್ಲಿಷ್ ಓದಕ್ಕೆ ಬರಿಯಕ್ಕೆ ಬರ್ತಿಲ್ವಾ? ತೊಡಕು ಎಲ್ಲಿದೆ ಅಂತ ಹುಡ್ಕೋದು ಹಿಂಗೆ

"ಬೇರೆ ಸಬ್ಜೆಕ್ಟೆಲ್ಲಾ ಪರ್ವಾಗಿಲ್ಲ ಮಿಸ್, ಇಂಗ್ಲಿಷ್ ಒಂದು ಬರಲ್ಲ ಇವ್ನಿಗೆ, ಟ್ಯೂಷನ್ ಹಾಕ್ಬೇಕಾ?" ಪೋಷಕರ ಸಭೆ ದಿನ ನಾನು ಕೇಳೋ ಮಾತಲ್ಲಿ ಇದೇ ಜಾಸ್ತಿ. ನಾನು ಹಾಸನದ ಕಡೆ ಹಳ್ಳಿಯ ಸರ್ಕಾರಿ ಕನ್ನಡ ಶಾಲೇಲಿ ಪಾಠ ಮಾಡೋಳು, ಒಂದರಿಂದ ಐದನೇ ಕ್ಲಾಸಿನ ಮಕ್ಕಳ ಜೊತೇನೇ ನನ್ನ ದಿನ ಕಳಿಯೋದು. ಈ ಪ್ರಶ್ನೆಗೆ ನಾನು ಯಾವಾಗ್ಲೂ ಒಂದೇ ತರ ಉತ್ತರ ಕೊಡ್ತೀನಿ. ತೋಟದ ಮೋಟ್ರು ನೀರೆತ್ತುತ್ತಿಲ್ಲ ಅಂದ್ರೆ ಮೊದ್ಲು ಕರೆಂಟಿದ್ಯಾ ನೋಡ್ತೀರ, ಆಮೇಲೆ ಫ್ಯೂಸು, ಆಮೇಲೆ ಪೈಪಲ್ಲಿ ಎಲ್ಲಾದ್ರೂ ಗಾಳಿ ಎಳೀತಿದ್ಯಾ ಅಂತ ನೋಡ್ತೀರ, ಯಾರೂ ನೇರವಾಗಿ ಹೋಗಿ ಹೊಸ ಬೋರ್ ಕೊರ್ಸಲ್ಲ. ಟ್ಯೂಷನ್ ಹಾಕೋದು ಬೋರ್ ಕೊರ್ಸಿದಂಗೆ. ತೊಡಕು ಫ್ಯೂಸಲ್ಲೇ ಇರ್ಬೋದು.

"ಇಂಗ್ಲಿಷ್ ಬರಲ್ಲ" ಅನ್ನೋದು ಒಂದು ಕಾಯಿಲೆ ಅಲ್ಲ, ಏಳೆಂಟು ಬೇರೆ ಬೇರೆ ತೊಡಕಿಗೆ ನಾವೆಲ್ಲ ಇಟ್ಟಿರೋ ಒಂದೇ ಹೆಸ್ರು. ಅದಕ್ಕೆ ಇಲ್ಲಿ ನಿಮ್ಮ ಕಣ್ಣಿಗೆ ಬೀಳೋ ಲಕ್ಷಣ ಹಿಡ್ಕೊಂಡು ಬರ್ದಿದೀನಿ. ಅಪ್ಪ ಅಮ್ಮ, ಅಜ್ಜಿ, ಹೊಸದಾಗಿ ಸೇರಿರೋ ಅತಿಥಿ ಶಿಕ್ಷಕರು ಯಾರು ಬೇಕಾದ್ರೂ ಮಾಡ್ಬೋದು, ಎರಡು ಮೂರು ಚೆಕ್ಕಿಗಂತೂ ನಿಮಗೆ ಇಂಗ್ಲಿಷ್ ಬರೋದೇ ಬೇಡ.

ಎಲ್ಲಕ್ಕಿಂತ ಮುಂಚೆ: ಕಣ್ಣು, ಕಿವಿ, ಕನ್ನಡ

ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ ದಯವಿಟ್ಟು.

ಕಣ್ಣು. ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡೋದು, ಪುಸ್ತಕ ಮೂಗಿನ ಹತ್ರ ಹಿಡಿಯೋದು, ತಲೆ ಒಂದು ಕಡೆ ವಾಲಿಸಿ ಓದೋದು, ಪಕ್ಕದವನ ನೋಟ್‌ಬುಕ್ ನೋಡಿ ಕಾಪಿ ಮಾಡೋದು. ಈ ಕಡೇದಕ್ಕೆ ನಾವು ಬೈತೀವಿ, ಆದ್ರೆ ಎಷ್ಟೋ ಸಲ ಮಗೂಗೆ ಬೋರ್ಡೇ ಕಾಣಿಸ್ತಿರಲ್ಲ. ಮುಂದಿನ ಸಾಲಿಗೆ ತಂದು ಕೂರ್ಸಿ ಒಂದು ವಾರ ನೋಡಿ, ವ್ಯತ್ಯಾಸ ಕಂಡ್ರೆ ಕಣ್ಣು ಪರೀಕ್ಷೆ ಮಾಡ್ಸಿ.

ಕಿವಿ. ಮಗುವಿನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ಮೆಲ್ಲಗೆ ಐದು ಪದ ಹೇಳಿ, ಕನ್ನಡದ್ದೇ ಸಾಕು, "ಸೊಪ್ಪು, ಬಸ್ಸು, ಹಸು" ಇಂಥವು, ತಿರುಗಿ ಹೇಳು ಅನ್ನಿ. ಕಿವಿ ಸೋರೋ ಮಕ್ಕಳು, ಯಾವಾಗ್ಲೂ ನೆಗಡಿ ಇರೋ ಮಕ್ಕಳು ಇದ್ರಲ್ಲಿ ತಡವರಿಸ್ತಾರೆ. ಕನ್ನಡ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತೆ, ಅದಕ್ಕೆ ಕೊನೆ ಸದ್ದು ಜೋರಾಗಿ ಕೇಳುತ್ತೆ. ಇಂಗ್ಲಿಷ್ ಪದ ಎಷ್ಟೋ "ಸ್", "ಫ್", "ಟ್" ಅಂತ ಉಸಿರಲ್ಲೇ ಮುಗಿದುಹೋಗುತ್ತೆ, ಕಿವಿ ಸ್ವಲ್ಪ ಮಂದ ಇದ್ರೂ ಅದು ಬೀಳೋದೇ ಇಲ್ಲ. ಕನ್ನಡದಲ್ಲಿ ಹೇಗೋ ನಡ್ಕೊಂಡು ಹೋಗ್ತಿದ್ದ ಮಗು ಇಂಗ್ಲಿಷಲ್ಲಿ ಸಿಕ್ಕಿ ಬೀಳೋದು ಹಿಂಗೂ ಇರುತ್ತೆ.

ಕನ್ನಡ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಮಗು ನೋಡಿರದ ನಾಲ್ಕು ಸಾಲು ಓದ್ಸಿ. ಒತ್ತಕ್ಷರ ಸಮೇತ ಸರಾಗವಾಗಿ ಓದಿದ್ರೆ ಖುಷಿ ಪಡಿ, ಓದೋ ಯಂತ್ರ ಸರಿ ಇದೆ, ತೊಡಕು ಇಂಗ್ಲಿಷಿಗೆ ಮಾತ್ರ ಸೇರಿದ್ದು. ಕಾಗುಣಿತದಲ್ಲೇ ನಿಲ್ತಿದ್ರೆ ಇಂಗ್ಲಿಷ್ ಬರವಣಿಗೆನ ಸ್ವಲ್ಪ ದಿನ ಬದಿಗಿಟ್ಟು ಕನ್ನಡ ಓದು ಗಟ್ಟಿ ಮಾಡಿ, ಇಂಗ್ಲಿಷ್ ಬರೀ ಮಾತು, ಹಾಡು, ಕಥೆ ಕೇಳೋದ್ರಲ್ಲಿ ನಡೀಲಿ. ಮನೇಲಿ ಉರ್ದು, ತೆಲುಗು, ತುಳು, ಲಂಬಾಣಿ ಮಾತಾಡೋ ಮಗು ಆದ್ರೆ ಅದಕ್ಕೆ ಕನ್ನಡವೂ ಹೊಸದೇ, ಅದನ್ನ ಲೆಕ್ಕಕ್ಕಿಟ್ಕೊಂಡು ನೋಡ್ಬೇಕು.

ಲಕ್ಷಣ: ಎಬಿಸಿಡಿ ಪೂರ್ತಿ ಹೇಳುತ್ತೆ, ಒಂದಕ್ಷರ ತೋರ್ಸಿದ್ರೆ ಗೊತ್ತಾಗಲ್ಲ

ಹಳೇ ಮದ್ವೆ ಕಾರ್ಡಿನ ಹಿಂದುಗಡೆ 26 ಅಕ್ಷರ ಬರ್ದು ಕತ್ತರಿಸ್ಕೊಳ್ಳಿ, ಸಣ್ಣಕ್ಷರದಲ್ಲೇ ಬರೀರಿ. ಅಂಗನವಾಡಿಯಿಂದ ಕ್ಯಾಪಿಟಲ್ ಅಕ್ಷರ ತಿದ್ದಿಸ್ಕೊಂಡು ಬಂದಿರ್ತೀವಿ, ಆದ್ರೆ ಯಾವ ಪುಸ್ತಕ ತೆಗೆದ್ರೂ ಹೆಚ್ಚುಕಮ್ಮಿ ಎಲ್ಲಾ ಸಣ್ಣಕ್ಷರದಲ್ಲೇ ಇರುತ್ತೆ. ಚೀಟಿ ಕಲಸಿ ಒಂದೊಂದೇ ತೋರ್ಸಿ. ತಟ್ಟಂತ ಹೇಳಿದ್ದು ಒಂದು ಗುಡ್ಡೆ, ಮನಸ್ಸಲ್ಲೇ ಮೊದ್ಲಿಂದ ಗುನುಗ್ಕೊಂಡು ಬಂದು ಹೇಳಿದ್ದು ಇನ್ನೊಂದು, ಗೊತ್ತೇ ಇಲ್ದಿರೋದು ಮೂರನೇದು. ಎರಡನೇ ಗುಡ್ಡೆ ದೊಡ್ಡದಿದ್ರೆ ಮಗೂಗೆ ಬರೋದು ಹಾಡು, ಅಕ್ಷರ ಅಲ್ಲ ಅಂತ ಅರ್ಥ. ಎಷ್ಟೋ ಮಕ್ಕಳಿಗೆ "ಎಲೆಮೆನೋ" ಅನ್ನೋದೇ ಒಂದು ಅಕ್ಷರ.

ಇದು ಸುಲಭದ ತೊಡಕು. ಮೂರನೇ ಗುಡ್ಡೆಯಿಂದ ಒಂದು ಸಲಕ್ಕೆ ನಾಲ್ಕೇ ಚೀಟಿ ತಗೊಂಡು ಆಟ ಆಡ್ಸಿ, ಮನೇಲಿರೋ ಬಿಸ್ಕತ್ ಪ್ಯಾಕೆಟ್ಟಲ್ಲಿ ಸೋಪಿನ ಕವರಲ್ಲಿ ಹುಡುಕ್ಸಿ. ಎಬಿಸಿಡಿ ಅನುಕ್ರಮದಲ್ಲಿ ಮಾತ್ರ ಕಲಿಸ್ಬೇಡಿ, ಮತ್ತೆ ಹಾಡೇ ಆಗೋಗುತ್ತೆ.

ಲಕ್ಷಣ: "ಬಿ, ಎ, ಟಿ" ಅಂತ ಹೇಳಿ ನಿಮ್ಮ ಮುಖ ನೋಡುತ್ತೆ

ನನ್ನ ಪ್ರಕಾರ ಹತ್ತರಲ್ಲಿ ಆರು ಮಕ್ಕಳ ತೊಡಕು ಇಲ್ಲೇ ಇರೋದು, ಅದಕ್ಕೆ ಇದನ್ನ ಸ್ವಲ್ಪ ಉದ್ದ ಬರೀತೀನಿ.

ಕನ್ನಡದಲ್ಲಿ ಅಕ್ಷರದ ಹೆಸ್ರೂ ಸದ್ದೂ ಒಂದೇ. "ಮ" ಅನ್ನೋ ಅಕ್ಷರದ ಹೆಸ್ರು ಮ, ಸದ್ದೂ ಮ, ಪಕ್ಕದಲ್ಲಿ "ರ" ಇಟ್ರೆ ಮರ ಆಯ್ತು, ಅಷ್ಟೇ. ನಮ್ಮ 49 ಅಕ್ಷರ, ಕಾಗುಣಿತ, ಒತ್ತಕ್ಷರ ಬಂದ್ರೆ ಮಗು ಯಾವ ಪದ ಬೇಕಾದ್ರೂ ಓದುತ್ತೆ. ಅದೇ ಅಭ್ಯಾಸದಲ್ಲಿ ಮಗು ಇಂಗ್ಲಿಷಿಗೆ ಬರುತ್ತೆ, ಬಿ ಪಕ್ಕ ಎ, ಎ ಪಕ್ಕ ಟಿ, ಜೋಡಿಸಿದ್ರೆ "ಬಿಎಟಿ" ಆಗುತ್ತೆ, ಬ್ಯಾಟ್ ಎಲ್ಲಿಂದ ಬರ್ಬೇಕು? ಮಗು ತಪ್ಪು ಮಾಡ್ತಿಲ್ಲ, ಕನ್ನಡ ಕಲಿಸಿದ ದಾರೀಲೇ ಸರಿಯಾಗಿ ನಡೀತಿದೆ. ಇಂಗ್ಲಿಷಲ್ಲಿ ಅಕ್ಷರ 26, ಸದ್ದು ಸುಮಾರು 44, ಅದ್ರ ಮೇಲೆ ಹೆಸ್ರೇ ಬೇರೆ ಸದ್ದೇ ಬೇರೆ. "ಡಬ್ಲ್ಯೂ" ಅನ್ನೋ ಹೆಸ್ರಲ್ಲಿ "ವ್" ಅನ್ನೋ ಸದ್ದು ಎಲ್ಲಿದೆ ಹೇಳಿ, "ಎಚ್" ಅನ್ನೋದ್ರಲ್ಲಿ "ಹ್" ಎಲ್ಲಿದೆ? ಇದನ್ನ ಯಾರೂ ಬಿಡಿಸಿ ಹೇಳ್ದೆ ಇದ್ರೆ ಮಗು ತಾನಾಗೇ ಕಂಡ್ಕೊಳ್ಳೋದು ಕಷ್ಟ.

ನಾವು ಕಲ್ತಿದ್ದೂ ಹಂಗೇ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಬಂದಿದ್ದು 2007-08ರಲ್ಲಿ, ಅದಕ್ಕೂ ಮುಂಚೆ ಓದಿದ ಈಗಿನ ಎಷ್ಟೋ ಅಪ್ಪ ಅಮ್ಮಂದಿರು ಎಬಿಸಿಡಿ ಶುರು ಮಾಡಿದ್ದೇ ಐದನೇ ಕ್ಲಾಸಲ್ಲಿ. "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು" ಅಂತ ಇಡೀ ಕ್ಲಾಸು ರಾಗವಾಗಿ ಕೂಗಿದ್ದು ನೆನಪಿರ್ಬೇಕಲ್ವಾ. ಅದ್ರಿಂದ ಪದ ಬಾಯಿಪಾಠ ಆಗುತ್ತೆ, ಓದೋ ದಾರಿ ಸಿಗಲ್ಲ. ಮನೇಲಿ ಅದೇ ರಾಗದಲ್ಲಿ ಕಲಿಸ್ತಾ ಇದ್ರೆ ತಪ್ಪಾಯ್ತು ಅಂತ ಬೇಜಾರು ಮಾಡ್ಕೋಬೇಡಿ, ನಾಳೆಯಿಂದ ಸದ್ದು ಸೇರಿಸ್ಕೊಳ್ಳಿ.

ಚೆಕ್ಕು ಹಿಂಗೆ. ಪುಸ್ತಕ ಮುಚ್ಚಿಡಿ. ಬಾಯಲ್ಲಿ ಮಾತ್ರ "ಮ್... ಆ್ಯ... ಟ್" ಅಂತ ಬಿಡಿಬಿಡಿಯಾಗಿ ಹೇಳಿ, ಇದು ಯಾವ ಪದ ಅಂತ ಕೇಳಿ. "ಮ್ಯಾಟ್" ಅಂದ್ರೆ ಕಿವಿ ಸಿದ್ಧ ಇದೆ, ಅಕ್ಷರಕ್ಕೆ ಸದ್ದು ಅಂಟಿಸೋದು ಮಾತ್ರ ಬಾಕಿ. ಹೇಳಕ್ಕಾಗಲಿಲ್ಲ ಅಂದ್ರೆ ಅಕ್ಷರ ತೋರ್ಸೋದೇ ಬೇಡ ಸದ್ಯಕ್ಕೆ, ಒಂದು ವಾರ ಬರೀ ಬಾಯಾಟ ಆಡ್ಸಿ. ಊಟಕ್ಕೆ ಕೂತಾಗ "ಕ್... ಅ... ಪ್ ತಗೊಂಬಾ" ಅನ್ನಿ, "ಪ್... ಎ... ನ್ ಎಲ್ಲಿಟ್ಟೆ?" ಅನ್ನಿ, ಮಕ್ಕಳಿಗೆ ಇದು ಭಾರಿ ಇಷ್ಟ ಆಗುತ್ತೆ.

ಇಲ್ಲೊಂದು ದೊಡ್ಡ ಎಡವು ಇದೆ, ನಾನೂ ವರ್ಷಗಟ್ಟಲೆ ಎಡವಿದೀನಿ. ಕನ್ನಡದ ವ್ಯಂಜನದ ಹೊಟ್ಟೇಲಿ "ಅ" ಇದ್ದೇ ಇರುತ್ತೆ. ಅದಕ್ಕೆ ನಾವು ಬಿ ಸದ್ದು "ಬ" ಅಂತ, ಟಿ ಸದ್ದು "ಟ" ಅಂತ ಹೇಳ್ಕೊಟ್ಬಿಡ್ತೀವಿ. ನಾಲ್ಕನೇ ಕ್ಲಾಸಿನ ಹುಡ್ಗಿ ಒಬ್ಳು, ಬೆರಳನ್ನ ಅಕ್ಷರದ ಕೆಳಗೆ ಒತ್ತಿ ಹಿಡಿದು, ಉಗುರು ಬೆಳ್ಳಗಾಗೋ ಅಷ್ಟು ಒತ್ತಿ, "ಬ... ಆ್ಯ... ಟ... ಬಟಾ?" ಅಂದ್ಲು. ಮತ್ತೆ ಓದು ಅಂದೆ. "ಬ... ಆ್ಯ... ಟ... ಬಾಟಾ?" ಚಪ್ಪಲಿ ಅಂಗಡಿ ನೆನಪಾಗಿರ್ಬೇಕು ಪಾಪ. ಅವಳ ತಪ್ಪೇನಿಲ್ಲ, ನಾನು ಕೊಟ್ಟ "ಬ", "ಟ" ಎರಡೂ ಜೋಡಿಸಿದ್ರೆ ಅದೇ ಬರೋದು. ಆಮೇಲೆ ಬಿ, ಟಿ ಎರಡನ್ನೂ ಬಿಟ್ಟು ಎಳೆದು ಹೇಳಕ್ಕಾಗೋ ಸದ್ದಿಂದ ಶುರು ಮಾಡಿದ್ವಿ. ಮ್ಮ್ಮ್, ಸ್ಸ್ಸ್, ನ್ನ್ನ್, ಫ್ಫ್ಫ್. ಇವನ್ನ ನಿಲ್ಲಿಸ್ದೆ ಮುಂದಿನ ಸದ್ದಿಗೆ ಜಾರಿಸ್ಬೋದು, ನಡುವೆ "ಅ" ನುಗ್ಗಕ್ಕೆ ಜಾಗ ಇರಲ್ಲ. "ಮ್ಮ್ಮ್ಯಾ...ನ್." ಮ್ಯಾನ್! ತಲೆ ಎತ್ತಿದ್ಲು, ಇನ್ನೊಂದು ಕೊಡಿ ಮಿಸ್ ಅಂದ್ಲು. ಫ್ಯಾನ್, ಸನ್ ಅದೇ ಪೀರಿಯಡ್ಡಲ್ಲಿ ಆಯ್ತು. ಬಿ, ಡಿ, ಜಿ ತರದ ಸಿಡಿಯೋ ಸದ್ದು ಮೂರು ವಾರ ಬಿಟ್ಟು ತಂದೆ. ಅರ್ಧಾಕ್ಷರ ಅಂತ ಮಕ್ಕಳಿಗೆ ಹೇಳಿದ್ರೆ ಬೇಗ ಅರ್ಥ ಆಗುತ್ತೆ, "ಅಬ್ಬಾ" ಅನ್ನುವಾಗ ತುಟಿ ಮುಚ್ಚಿ ನಿಲ್ಲುತ್ತಲ್ಲ ಆ ಬ್, ಪೂರ್ತಿ ಬ ಅಲ್ಲ.

ದಿನಕ್ಕೆ 15 ನಿಮಿಷ ಸಾಕು, ಒಂದು ಗಂಟೆ ಕೂರ್ಸಬೇಡಿ. ಐದಾರು ಸದ್ದು ಕಲಿತ ತಕ್ಷಣ ಮೂರಕ್ಷರದ ಪದ ಓದ್ಸಿ, 26 ಮುಗೀಲಿ ಅಂತ ಕಾಯ್ಬೇಡಿ.

ಇನ್ನು ಈ ದಾರಿಗೆ ಸಿಗದ ಪದಗಳಿವೆ, "ವಾಸ್", "ಸೆಡ್", "ಒನ್", "ದೇ" ಇಂಥವು. ಇವುಗಳ ಕಾಗುಣಿತಕ್ಕೂ ಉಚ್ಚಾರಣೆಗೂ ಸರಿಯಾಗಿ ತಾಳ ಇಲ್ಲ, ಆದ್ರೆ ಪ್ರತಿ ಪುಟದಲ್ಲೂ ಬರುತ್ವೆ. ಇದು ಹಿಂಗೇ ಕಣಪ್ಪಾ, ಇದನ್ನ ನೋಡಿ ನೆನಪಿಟ್ಕೋಬೇಕು ಅಂತ ನೇರವಾಗಿ ಹೇಳಿ, ವಾರಕ್ಕೆ ನಾಲ್ಕೈದು ಗೋಡೆಗೆ ಅಂಟ್ಸಿ. "ನೈಫ್" ಶುರುವಲ್ಲಿ ಕೆ ಯಾಕೆ ಅಂತ ಒಬ್ಬ ಕೇಳಿದ್ದ, ಹಿಂದಿನ ಕಾಲದಲ್ಲಿ ಆ ಕ್ ನಿಜವಾಗ್ಲೂ ಉಚ್ಚಾರ ಮಾಡ್ತಿದ್ರು, ಬಾಯಿಂದ ಹೋಯ್ತು ಬರಹದಲ್ಲಿ ಉಳ್ಕೊಂತು ಅಂದೆ, ಆ ಪದ ಅವ್ನು ಇವತ್ತಿಗೂ ತಪ್ಪಲ್ಲ.

ಲಕ್ಷಣ: ಪಾಠ ಗಡಗಡ ಓದುತ್ತೆ, ಪುಟ ಬದಲಾದ್ರೆ ನಿಂತ್ಹೋಗುತ್ತೆ

ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ ಯಾಕಂದ್ರೆ ಮಗು "ಓದ್ತಾ ಇದೆ" ಅಂತ ಕಾಣಿಸುತ್ತೆ. ಚೆಕ್ಕು ಸುಲಭ, ಚಿತ್ರ ಕೈಯಿಂದ ಮುಚ್ಚಿ, ಸಾಲಿನ ಮಧ್ಯದ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂತ ಕೇಳಿ. ಅಥವಾ ಅದೇ ಪಾಠದ ಪದಗಳನ್ನೇ ಹಿಂದುಮುಂದು ಮಾಡಿ ಒಂದು ಹಾಳೇಲಿ ಬರ್ದು ಕೊಡಿ. ಸಾಲಿನ ಮೊದಲಿಂದ ಗುನುಗಿ ಬಂದ್ರೆ, ಅಥವಾ ಬೆರಳು ಒಂದು ಪದದ ಮೇಲೆ ಬಾಯಿ ಇನ್ನೊಂದು ಪದದಲ್ಲಿ ಇದ್ರೆ, ಕೇಳಿ ಕೇಳಿ ಬಾಯಿಪಾಠ ಆಗಿದೆ ಅಂತ ಅರ್ಥ.

ಪುಸ್ತಕ ತೆಗೆದು ಇಂಗ್ಲಿಷ್ ಪದದ ಮೇಲೆ ಪೆನ್ಸಿಲಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆದಿದ್ಯಾ ನೋಡಿ. ಬರೆದಿದ್ರೆ ಮಗು ಓದ್ತಿರೋದು ಕನ್ನಡ. ಪ್ರೀತಿಯಿಂದ ಅಕ್ಕನೋ ಅಣ್ಣನೋ ಬರ್ದುಕೊಟ್ಟಿರ್ತಾರೆ, ಗೈಡಲ್ಲೂ ಹಂಗೇ ಅಚ್ಚಾಗಿರುತ್ತೆ. ಕಣ್ಣು ಸುಲಭದ ಕಡೆಗೇ ಹೋಗುತ್ತೆ, ಕೆಳಗಿರೋ ಇಂಗ್ಲಿಷ್ ಅಕ್ಷರನ ಕಣ್ಣು ಮುಟ್ಟೋದೇ ಇಲ್ಲ. ಒಂದೇ ಸಲ ಅಳಿಸ್ಬಿಟ್ರೆ ಮಗು ಗಾಬರಿ ಆಗುತ್ತೆ, ದಿನಕ್ಕೆ ಎರಡು ಪದದ್ದು ಅಳಿಸಿ, ಯಾವೆರಡು ಅಂತ ಮಗುನೇ ಆರಿಸ್ಲಿ. ಕನ್ನಡದಲ್ಲಿ ಅರ್ಥ ಹೇಳೋದು ಬೇರೆ, ಅದು ಬೇಕೇ ಬೇಕು, ಉಚ್ಚಾರಣೆನ ಕನ್ನಡದಲ್ಲಿ ಬರ್ದುಕೊಡೋದು ಮಾತ್ರ ನಿಲ್ಸಿ.

ಲಕ್ಷಣ: ಬಿ ಬದ್ಲು ಡಿ, ಡಿ ಬದ್ಲು ಬಿ

ಏಳೆಂಟು ವರ್ಷದವರೆಗೂ ಇದು ಮಾಮೂಲು, ಗೂಗಲ್ ಮಾಡಿ ಡಿಸ್ಲೆಕ್ಸಿಯಾ (ಓದು ಬರಹಕ್ಕೆ ತೊಡಕಾಗೋ ಕಲಿಕಾ ನ್ಯೂನತೆ) ಅಂತ ಹೆದರ್ಕೋಬೇಡಿ. ಲೋಟ ಎಡಕ್ಕೆ ತಿರುಗಿಸಿದ್ರೂ ಬಲಕ್ಕೆ ತಿರುಗಿಸಿದ್ರೂ ಲೋಟನೇ ಅಂತ ಮಗು ಹುಟ್ಟಿದಾಗಿಂದ ಕಲ್ತಿದೆ. ಕನ್ನಡದಲ್ಲಿ ಪ ಮತ್ತು ಷ, ದ ಮತ್ತು ಧ ಬೇರೆ ಆಗೋದು ಒಂದು ಸಣ್ಣ ಗೆರೆಯಿಂದ, ತಿರುಗಿಸಿದ್ರೆ ಬೇರೆ ಅಕ್ಷರ ಆಗೋ ಜೋಡಿ ಅದು ನೋಡೇ ಇಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹೇಳ್ಕೊಡಕ್ಕೆ ಹೋಗ್ಬೇಡಿ, ಅದ್ರಿಂದಾನೇ ಗಂಟು ಬೀಳೋದು. ಮೊದ್ಲು ಬಿ ಒಂದನ್ನೇ ಗಟ್ಟಿ ಮಾಡಿ, "ಮೊದ್ಲು ಕೋಲು ಆಮೇಲೆ ಹೊಟ್ಟೆ" ಅಂತ ಹೇಳ್ತಾ ಅಂಗಳದ ಮಣ್ಣಲ್ಲಿ ದೊಡ್ಡದಾಗಿ ಬರ್ಸಿ. ಎರಡು ವಾರ ಆದ್ಮೇಲೆ ಡಿ, "ಮೊದ್ಲು ಹೊಟ್ಟೆ ಆಮೇಲೆ ಕೋಲು". ಎಂಟು ದಾಟಿದ್ಮೇಲೂ ಹಂಗೇ ಇದ್ರೆ, ಜೊತೆಗೆ ಬೇರೆ ತೊಡಕೂ ಇದ್ರೆ, ಕೊನೇ ಭಾಗ ಓದಿ.

ಲಕ್ಷಣ: ಸ್ಪೆಲ್ಲಿಂಗ್ ಎಲ್ಲಾ ತಪ್ಪು

ಕೆಂಪು ಪೆನ್ನು ಕೆಳಗಿಡಿ ಸ್ವಲ್ಪ ಹೊತ್ತು. ತಪ್ಪಲ್ಲಿ ಎರಡು ಜಾತಿ ಇದೆ, ಎರಡಕ್ಕೂ ಔಷಧಿ ಬೇರೆ ಬೇರೆ.

ಮಗೂಗೆ ಹತ್ತು ಪದ ಹೇಳಿ ಬರ್ಸಿ, ಪಾಠದಲ್ಲಿ ಬರದೇ ಇರೋವೂ ಇರ್ಲಿ. "ಸ್ಕೂಲ್" ಅಂದಾಗ "ಎಸ್ ಕೆ ಯು ಎಲ್" ಅಂತ ಬರೆದಿದ್ರೆ, ನಾನು ಆ ಮಗುವಿನ ಬೆನ್ನು ತಟ್ತೀನಿ. ಅದು ಸದ್ದನ್ನ ಬಿಡಿಸಿ, ಒಂದೊಂದಕ್ಕೂ ಅಕ್ಷರ ಹುಡುಕಿದೆ, ಯಂತ್ರ ಓಡ್ತಾ ಇದೆ. ಬದ್ಲಿಗೆ "ಎಸ್ ಎಚ್ ಎಲ್ ಓ ಸಿ" ಅಂತ ಇದ್ರೆ, ನೋಡಿದ ಅಕ್ಷರಗಳ ಮಸುಕು ನೆನಪಿಂದ ಬರೆದಿದೆ, ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ. ಅಂಥ ಮಗೂನ ಮೇಲಿನ "ಬಿ ಎ ಟಿ" ಭಾಗಕ್ಕೆ ವಾಪಸ್ ಕರ್ಕೊಂಡು ಹೋಗಿ. ಒಂದೊಂದು ಪದ ಹತ್ತತ್ತು ಸಲ ಇಂಪೋಸಿಷನ್ ಬರ್ಸಿದ್ರೆ ಕೈ ನೋಯುತ್ತೆ, ನಾಳಿದ್ದಿಗೆ ಮರ್ತೋಗುತ್ತೆ.

ಮೊದಲ ಜಾತಿ ತಪ್ಪಲ್ಲಿ ಕನ್ನಡದ ಕಿವಿ ಎದ್ದು ಕಾಣುತ್ತೆ. ನಮ್ಮ ಬಾಯಲ್ಲಿ ಅದು ಬಸ್ಸು, ಪೆನ್ನು, ಕಾರು, ಅದಕ್ಕೆ ಪದದ ಕೊನೇಲಿ ಒಂದು "ಯು" ಬಂದು ಕೂರುತ್ತೆ. ನಮ್ಮ ಕಡೆ ಎಷ್ಟೋ ಮನೇಲಿ ಹಾಲು "ಆಲು", ಹಾಸನ "ಆಸನ", ಹಂಗಾಗಿ "ಹ್ಯಾಟ್" ಬರಿ ಅಂದ್ರೆ ಎಚ್ ಇಲ್ದೆ ಬರೀ "ಎ ಟಿ". ಎಲೆನ "ಯೆಲೆ" ಅನ್ನೋ ಬಾಯಿಗೆ ಎಗ್ "ಯೆಗ್" ಆಗುತ್ತೆ, ಮುಂದೆ ವೈ ಬರುತ್ತೆ. ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿ ಒಂದೇ ವ. ಇದ್ಯಾವ್ದೂ ದಡ್ಡತನ ಅಲ್ಲ, ಮಗು ತನ್ನ ಊರಿನ ಮಾತನ್ನ ನಿಷ್ಠೆಯಿಂದ ಬರೀತಿದೆ. ಇಂಗ್ಲಿಷಿನ ಪದ ಬಾಯಲ್ಲಿ ಹೇಳ್ಸಿ, ತುಟಿ ಎಲ್ಲಿ ನಿಂತಿತು ನೋಡ್ಕೋ ಅನ್ನಿ, "ಬಸ್" ಅಂದಾಗ ಕೊನೇಲಿ ತುಟಿ ದುಂಡಗಾಯ್ತಾ ಅಂತ ಕನ್ನಡಿ ಮುಂದೆ ನೋಡ್ಸಿ.

ಎಲ್ಲಕ್ಕಿಂತ ಮೊಂಡು ತಪ್ಪು "ಎ" ಅಕ್ಷರದ್ದು. ಮಗು ಇಂಗ್ಲಿಷಲ್ಲಿ ಮೊದ್ಲು ಬರಿಯೋ ಪದ ತನ್ನ ಹೆಸ್ರು. ಕಮಲ ಅಂತ ಇದ್ರೆ ಕೆ ಎ ಎಂ ಎ ಎಲ್ ಎ. ಮೂರು ಸಲ ಎ, ಮೂರು ಸಲವೂ ಅದ್ರ ಸದ್ದು "ಅ". ಎ ಅಂದ್ರೆ ಅ ಅಂತ ಮನಸ್ಸಲ್ಲಿ ಕೂತ್ಬಿಡುತ್ತೆ. ಆಮೇಲೆ "ಕಪ್" ಬರಿ ಅಂದ್ರೆ ಸಿ ಎ ಪಿ ಬರಿಯುತ್ತೆ, ಸಿ ಎ ಟಿ ಓದು ಅಂದ್ರೆ "ಕಟ್" ಅನ್ನುತ್ತೆ. ನೋಟ್‌ಬುಕ್ಕಲ್ಲಿ ಈ ತರ ಕಂಡ್ರೆ ಮಗು ಸ್ವರ ಕಲ್ತಿಲ್ಲ ಅಂತಲ್ಲ, ಹೆಸರಿನಿಂದ ತಪ್ಪು ಪಾಠ ಕಲ್ತಿದೆ ಅಂತ. "ನಿನ್ನ ಹೆಸ್ರು ಕನ್ನಡದ್ದು, ಅದಕ್ಕೆ ಅಲ್ಲಿ ಎ ಅಂದ್ರೆ ಅ. ಇಂಗ್ಲಿಷ್ ಪದದಲ್ಲಿ ಎ ಬಂದ್ರೆ ಮೊದ್ಲು ಆ್ಯ ಅಂತ ಹೇಳಿ ನೋಡು" ಅಂತ ಬಿಡಿಸಿ ಹೇಳಿ. ಕ್ಯಾಪ್-ಕಪ್, ಹ್ಯಾಟ್-ಹಟ್, ಫ್ಯಾನ್-ಫನ್ ಇಂಥ ಜೋಡಿ ಮಾಡಿ, ನೀವು ಹೇಳಿದ್ದು ಯಾವ್ದು ಅಂತ ಚೀಟಿ ಎತ್ತಿಸಿ. ಮೊದ್ಲು ಕಿವಿಗೆ ಬೇರೆ ಬೇರೆ ಕೇಳಿಸ್ಬೇಕು, ಆಮೇಲೇನೇ ಕೈಗೆ.

ಲಕ್ಷಣ: ಸರಿಯಾಗಿ ಓದುತ್ತೆ, ಏನು ಓದ್ದೆ ಅಂದ್ರೆ ಗೊತ್ತಿಲ್ಲ

ಎರಡು ಸಾಲು ಓದ್ಸಿ "ಏನಂತೆ, ಕನ್ನಡದಲ್ಲಿ ಹೇಳು" ಅನ್ನಿ. ಇಂಗ್ಲಿಷಲ್ಲೇ ಪ್ರಶ್ನೆ ಕೇಳಿದ್ರೆ ಮಗು ಪ್ರಶ್ನೇಲಿರೋ ಪದನ ಪಾಠದಲ್ಲಿ ಹುಡುಕಿ ಆ ಸಾಲನ್ನೇ ಓದ್ಬಿಡುತ್ತೆ, ಅರ್ಥ ಆಗದೇನೂ ಉತ್ತರ ಸರಿ ಆಗುತ್ತೆ.

ತೊಡಕು ಓದಲ್ಲಿಲ್ಲ, ಭಾಷೇಲಿದೆ. ಕನ್ನಡದಲ್ಲಿ ಓದಕ್ಕೆ ಕೂರೋ ಹೊತ್ತಿಗೆ ಮಗು ಐದಾರು ವರ್ಷ ಕನ್ನಡ ಕೇಳಿ ಮಾತಾಡಿರುತ್ತೆ, ಇಂಗ್ಲಿಷಲ್ಲಿ ಅದು ಯಾವ್ದೂ ಇಲ್ದೆ ಅಕ್ಷರ ಹಿಡ್ಸಿರ್ತೀವಿ. ಓದೋ ಮುಂಚೆ ಪಾಠದ ಕಥೆನ ಕನ್ನಡದಲ್ಲಿ ಹೇಳ್ಬಿಡಿ, ಏನೂ ಕೆಟ್ಟೋಗಲ್ಲ. ಆಮೇಲೆ ಕ್ರಿಯಾಪದ ಮಾಡಿ ತೋರ್ಸಿ, ಜಂಪ್ ಅಂದ್ರೆ ಹಾರ್ಲಿ. ಪದದ ಜಾಗದ ಬಗ್ಗೆನೂ ಒಂದು ಸಲ ಹೇಳಿ, ನಾವು "ನಾನು ಅನ್ನ ತಿಂದೆ" ಅಂತೀವಿ, ಅವ್ರು "ನಾನು ತಿಂದೆ ಅನ್ನ" ಅನ್ನೋ ತರ ಹೇಳ್ತಾರೆ ಅಂತ.

ಇಂಗ್ಲಿಷ್ ಬರ್ಲಿ ಅಂತ ಮನೇಲಿ ಕನ್ನಡ ಮಾತು ನಿಲ್ಲಿಸೋರು ಇದಾರೆ, ದಯವಿಟ್ಟು ಬೇಡ. ಕಥೆ ಕೇಳಿ, ಪ್ರಶ್ನೆ ಕೇಳಿ ಬೆಳೆದ ಮನಸ್ಸೇ ಇಂಗ್ಲಿಷಲ್ಲೂ ಅರ್ಥ ಹುಡುಕೋದು.

ಲಕ್ಷಣ: ಬೋರ್ಡಿಂದ ಮುತ್ತಿನಂಗೆ ಕಾಪಿ ಮಾಡುತ್ತೆ, ಸ್ವಂತ ಒಂದು ವಾಕ್ಯ ಬರೆಯಲ್ಲ

ಪಕ್ಕದಲ್ಲಿ ನಿಂತು ತಲೆ ಎಷ್ಟು ಸಲ ಏಳುತ್ತೆ ಎಣಿಸಿ. ಒಂದೊಂದು ಅಕ್ಷರಕ್ಕೂ ತಲೆ ಎತ್ತಿದ್ರೆ ಮಗು ಬರೀತಿಲ್ಲ, ಚಿತ್ರ ಬಿಡಿಸ್ತಿದೆ. ಪದ ನೋಡ್ಸಿ, ಅಳಿಸಿ, ನೆನಪಿಂದ ಬರ್ಸಿ, ಮತ್ತೆ ತೋರ್ಸಿ ಹೋಲಿಸ್ಲಿ. ಸ್ವಂತ ವಾಕ್ಯಕ್ಕೆ "ನನ್ನ ಹಸು" ಅಂತ ಪ್ರಬಂಧ ಕೊಡ್ಬೇಡಿ, ಮಗು ಇವತ್ತು ಹೇಳಿದ ಒಂದೇ ಮಾತು ತಗೊಳ್ಳಿ. "ನಮ್ಮನೆ ಮೇಕೆ ಮರಿ ಹಾಕ್ತು" ಅಂದ್ರೆ ಅದನ್ನ ಇಬ್ರೂ ಸೇರಿ ಇಂಗ್ಲಿಷಲ್ಲಿ ಬಾಯಲ್ಲಿ ಕಟ್ಟಿ, ಆಮೇಲೆ ಬರೀಲಿ, ಮೇಕೆ ಸ್ಪೆಲ್ಲಿಂಗ್ ತಪ್ಪಾಗ್ಲಿ ಬಿಡಿ ಅವತ್ತು.

ಬರಿಯುವಾಗ ಕೈ ನೋವು ಅಂದ್ರೆ ಪೆನ್ಸಿಲ್ ಹಿಡಿತ ನೋಡಿ, ಬಲು ಮೋಟು ಪೆನ್ಸಿಲ್ ಇದ್ರೆ ಬದ್ಲಾಯ್ಸಿ, ನಾಲ್ಕು ಗೆರೆ ಕಾಪಿಯಲ್ಲಿ ಗೆರೆ ಅಗಲ ಇರೋದು ಕೊಡಿ. ಎಡಗೈ ಮಗೂನ ಬಲಗೈಗೆ ತಿರುಗಿಸ್ಬೇಡಿ.

ಲಕ್ಷಣ: ಇಂಗ್ಲಿಷ್ ಪೀರಿಯಡ್ ಬಂದ್ರೆ ಹೊಟ್ಟೆನೋವು

ಇದು ನೆಪ ಅಲ್ಲ, ಹೆದರಿಕೆಗೆ ಹೊಟ್ಟೆ ನಿಜವಾಗ್ಲೂ ನೋಯುತ್ತೆ. ಯಾರಾದ್ರೂ ನಕ್ಕಿದ್ದಾರಾ, ಎದ್ದು ನಿಂತು ಓದು ಅಂತ ಎಲ್ರ ಮುಂದೆ ನಿಲ್ಸಿದ್ದಾರಾ, ಹೊಡೆತ ಬಿದ್ದಿದ್ಯಾ, ಮೆಲ್ಲಗೆ ಕೇಳಿ. ಇದು ಇದ್ರೆ ಮೇಲಿನ ಯಾವ ಉಪಾಯವೂ ಕೆಲ್ಸ ಮಾಡಲ್ಲ, ಮೊದ್ಲು ಇದು ನಿಲ್ಬೇಕು. ಶಾಲೇಲಿ ಹೊಡಿಯೋದು, ಮನಸ್ಸಿಗೆ ಹಿಂಸೆ ಕೊಡೋದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೇಲಿ ಪಕ್ಕದ್ಮನೆ ಕಾನ್ವೆಂಟ್ ಮಗುವಿಗೆ ಹೋಲಿಸೋದೂ ಅಷ್ಟೇ ನೋವು ಕೊಡುತ್ತೆ. ಗುಂಪಲ್ಲಿ ಓದ್ಸಿ, ಜೋಡಿ ಮಾಡಿ ಓದ್ಸಿ, ತಮ್ಮಂಗೋ ಅಜ್ಜಿಗೋ ಓದಿ ಹೇಳ್ಲಿ.

ಇಲ್ಲಿ ನಿಲ್ಸಿ, ಬೇರೆಯವರ ಸಹಾಯ ತಗೊಳ್ಳಿ

ಎರಡು ಮೂರು ತಿಂಗಳು ದಿನಾ ಸರಿಯಾದ ದಾರೀಲಿ ಕಲಿಸಿದ್ಮೇಲೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರ ನಿಲ್ತಿಲ್ಲ ಅಂದ್ರೆ. ಮಾತಲ್ಲಿ ಲೆಕ್ಕದಲ್ಲಿ ಚುರುಕು, ಬರಹಕ್ಕೆ ಬಂದ್ರೆ ಮಾತ್ರ ಬಿದ್ದೋಗುತ್ತೆ ಅಂದ್ರೆ. ಬೆಳಿಗ್ಗೆ ಓದಿದ ಪದ ಸಂಜೆಗೆ ಹೊಸದಾಗಿ ಕಾಣ್ತಿದೆ ಅಂದ್ರೆ. ಮನೇಲಿ ಅಪ್ಪಂಗೋ ಚಿಕ್ಕಪ್ಪಂಗೋ ಇದೇ ತೊಡಕು ಇತ್ತು ಅಂದ್ರೂ ಹೇಳ್ಬೇಕು. ಮೊದ್ಲು ಓದ್ತಿದ್ದ ಮಗು ಇದ್ದಕ್ಕಿದ್ದಂಗೆ ಹಿಂದೆ ಬಿದ್ರೆ, ಪಾಠದ ಮಧ್ಯೆ ಕ್ಷಣಕಾಲ ಎಲ್ಲೋ ನೋಡ್ತಾ ಕಲ್ಲಿನಂಗೆ ನಿಂತುಹೋಗ್ತಿದ್ರೆ ತಿಂಗಳುಗಟ್ಟಲೆ ಕಾಯ್ಬೇಡಿ, ಡಾಕ್ಟ್ರಿಗೆ ಈ ವಾರಾನೇ ತೋರ್ಸಿ.

ನೀವೇ ಹೆಸರಿಡ್ಬೇಡಿ, ನಾವು ಟೀಚರ್‌ಗಳೂ ಇಡಬಾರ್ದು. ಡಿಸ್ಲೆಕ್ಸಿಯಾ ಅಂತ ಸಾಮಾನ್ಯವಾಗಿ 7-8 ವರ್ಷಕ್ಕೆ ಮುಂಚೆ ಗಟ್ಟಿಯಾಗಿ ಹೇಳಲ್ಲ. ಬುದ್ಧಿ ಚುರುಕಾಗೋ ಟಾನಿಕ್ಕು, ಪುಡಿ ಅಂತ ದುಡ್ಡು ಸುರೀಬೇಡಿ.

ಮೊದ್ಲು ಕ್ಲಾಸ್ ಟೀಚರ್ ಹತ್ರ ಮಾತಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟ್ರ ತಂಡ ಶಾಲೆಗೆ ಬರುತ್ತೆ, ಆ ದಿನ ಮಗೂನ ರಜಾ ಹಾಕಿಸ್ಬೇಡಿ, ಕಣ್ಣು ಕಿವಿ ಬಗ್ಗೆ ನಿಮಗಿರೋ ಅನುಮಾನನ ಚೀಟೀಲಿ ಬರ್ದು ಕಳ್ಸಿ. ತಾಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರೀಲಿ ವಿಶೇಷ ಅಗತ್ಯ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿರ್ತಾರೆ. ಕಲಿಕಾ ನ್ಯೂನತೆಯ ಪೂರ್ತಿ ಪರೀಕ್ಷೆ ಬೇಕಂದ್ರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರೋ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆನೂ ಒಂದು, ಸರ್ಟಿಫಿಕೇಟ್ ಇದ್ರೆ ಮುಂದೆ ಎಸ್ಎಸ್ಎಲ್‌ಸಿ ಪರೀಕ್ಷೇಲಿ ಹೆಚ್ಚು ಸಮಯದಂಥ ರಿಯಾಯಿತಿ ಸಿಗುತ್ತೆ, ಆದ್ರಿಂದ ಅನುಮಾನ ಇದ್ರೆ ಹತ್ತನೇ ಕ್ಲಾಸಿನವರೆಗೆ ಕಾಯ್ಬೇಡಿ.

ಹೋಗುವಾಗ ಮಗುವಿನ ಕನ್ನಡ ನೋಟ್ಸು, ಇಂಗ್ಲಿಷ್ ನೋಟ್ಸು ಎರಡೂ ತಗೊಂಡು ಹೋಗಿ. ನೀವು ತಿದ್ದಿ ಚೆಂದ ಮಾಡಿರೋದಲ್ಲ, ತಪ್ಪೆಲ್ಲ ಹಂಗಂಗೇ ಇರೋದು, ಒಂದೊಂದು ಪುಟದ ಮೇಲೂ ತಾರೀಖು ಇದ್ರೆ ಇನ್ನೂ ಒಳ್ಳೇದು.